ಜಾಫಿಲಿಯಾದ ಟೈಪಿಂಗ್ ಸೆಂಟರು

ದುಬೈಯ ಜಾಫಿಲಿಯಾದಲ್ಲಿ, ಇಮಿಗ್ರೇಶನ್ ಕಚೇರಿಯ ಆಸುಪಾಸಿನಲ್ಲಿ, ಒಂದು ಕಾಲಕ್ಕೆ ಹೆಜ್ಜೆಗೊಂದು ಟೈಪಿಂಗ್ ಸೆಂಟರ್ ಇತ್ತು. ಬೋರ್ಡಿನಲ್ಲಿ ಮೇಲೆ ಅರಬಿ, ಕೆಳಗೆ ಇಂಗ್ಲಿಷು. ಒಳಗೆ ಎರಡು ಮೂರು ಮೇಜು, ಒಂದು ಜೆರಾಕ್ಸ್ ಯಂತ್ರ, ಕಾಯುವವರಿಗೆ ಪ್ಲಾಸ್ಟಿಕ್ ಕುರ್ಚಿ. ವೀಸಾ, ಲೇಬರ್ ಕಾರ್ಡು, ಬಾಡಿಗೆ ಕರಾರು, ಅಂಗಡಿಯ ಲೈಸೆನ್ಸು, ಯಾವುದೇ ಇರಲಿ, ಸರ್ಕಾರದ ಕಿಟಕಿಗೆ ಹೋಗುವ ಅರ್ಜಿ ಅರಬಿಯಲ್ಲಿ ಟೈಪಾಗಿಯೇ ಹೋಗಬೇಕಿತ್ತು. ಅರಬಿ ಬಾರದ ಲಕ್ಷಾಂತರ ಜನ ದುಡಿಯುವ ಊರಿನಲ್ಲಿ ಈ ಪುಟ್ಟ ಅಂಗಡಿಗಳಿಲ್ಲದೆ ಯಾರ ಕೆಲಸವೂ ಸಾಗುತ್ತಿರಲಿಲ್ಲ. ನನ್ನ ದುಡಿಮೆಯ ವರ್ಷಗಳೆಲ್ಲ ಕಳೆದದ್ದು ಇಂಥ ಅಂಗಡಿಗಳಲ್ಲಿ. ಮೊದಲು ದುಬೈಯದೇ ಇನ್ನೊಂದು ಭಾಗವಾದ ದೇರಾದಲ್ಲಿ, ಆಮೇಲೆ ಬಹುಕಾಲ ಜಾಫಿಲಿಯಾದಲ್ಲಿ.

ನಾನು ಹೋದದ್ದು 1988ರಲ್ಲಿ. ಮಂಗಳೂರಿನಿಂದ ದುಬೈಗೆ ಆಗ ನೇರ ವಿಮಾನವಿರಲಿಲ್ಲ. ಅದು ಶುರುವಾದದ್ದು 2006ರ ಅಕ್ಟೋಬರಿನಲ್ಲಿ. ಕುಂದಾಪುರದಲ್ಲಿ ಬಸ್ಸು ಹತ್ತಿ ಬೊಂಬಾಯಿ, ಅಲ್ಲಿ ಏಜೆಂಟರ ಬಾಗಿಲು ಕಾಯುವುದು, ಆಮೇಲೆ ವೀಸಾದ ಜೆರಾಕ್ಸ್ ಪ್ರತಿ ಹಿಡಿದು ವಿಮಾನ. ಮೂಲ ಕಾಗದವನ್ನು ಕಫೀಲನ, ಅಂದರೆ ವೀಸಾ ಕೊಟ್ಟ ಪ್ರಾಯೋಜಕನ, ಕಡೆಯವರು ದುಬೈ ವಿಮಾನ ನಿಲ್ದಾಣದಲ್ಲಿ ಡೆಪಾಸಿಟ್ ಇಟ್ಟಿರುತ್ತಿದ್ದರು. ಇಳಿದವನು ಕೌಂಟರಿನಲ್ಲಿ ಹೆಸರು ಹೇಳಿ ಅದನ್ನು ಪಡೆಯಬೇಕು. ನನಗೆ ಸಿಕ್ಕ ಕಾಗದದಲ್ಲಿ ವೃತ್ತಿಯ ಖಾನೆಯಲ್ಲಿ ಟೈಲರ್ ಎಂದಿತ್ತು. ಅಂಗಿಯ ಗುಂಡಿ ಹೊಲಿದೂ ಗೊತ್ತಿಲ್ಲದವನು ನಾನು. ಬಿ.ಕಾಂ. ಮುಗಿಸಿ, ಇಂಗ್ಲಿಷ್ ಟೈಪಿಂಗಿನಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಆದರೆ ಆ ಕಫೀಲನ ಹತ್ತಿರ ಉಳಿದಿದ್ದದ್ದು ಟೈಲರ್ ವೀಸಾ. ಅದೇ ಸಿಕ್ಕಿತು, ಬಂದೆ. ಹಾಗೆ ಬಂದವರು ನಮ್ಮ ಕಡೆಯಲ್ಲಿ ಬಹಳ ಮಂದಿ.

ದೇರಾದ ಅಂಗಡಿಯಲ್ಲಿ ಎರಡು ಒಲಿಂಪಿಯಾ ಟೈಪಿಂಗ್ ಯಂತ್ರಗಳಿದ್ದವು, ಒಂದು ಇಂಗ್ಲಿಷಿನದು, ಒಂದು ಅರಬಿಯದು. ಅರಬಿ ಯಂತ್ರದ ಮುಂದೆ ಕೂರುತ್ತಿದ್ದವರು ಸುಡಾನಿನ ಒಬ್ಬ ಹಿರಿಯರು. ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಆ ಬಿಸಿಲಿನ ಹೊತ್ತಿನಲ್ಲಿ ಊಟ ಮುಗಿಸಿ ಮಲಗುವ ಬದಲು ಅವರು ನನಗೆ ಅರಬಿ ಅಕ್ಷರ ಕಲಿಸಲು ಕೂತರು. ಯಾಕೆ ಕಲಿಸಿದರೋ, ಒಂದು ದಿರ್ಹಮ್ ಕೂಡ ತೆಗೆದುಕೊಳ್ಳಲಿಲ್ಲ.

ಅಲ್ಲಿ ಎಲ್ಲವೂ ತಿರುಗುಮುರುಗು. ಇಂಗ್ಲಿಷ್ ಯಂತ್ರದ ಕ್ಯಾರೇಜು ಬಲದಿಂದ ಎಡಕ್ಕೆ ಸರಿಯುತ್ತದೆ, ಅರಬಿಯದು ಎಡದಿಂದ ಬಲಕ್ಕೆ. ಒಂದೇ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ಕೊನೆಯಲ್ಲಿ ಇನ್ನೊಂದು. ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಯನ್ನು ಓದುವುದು ನಮ್ಮ ಹಾಗೆಯೇ, ಎಡದಿಂದ. ಹಾಗಾಗಿ ಪಾಸ್‌ಪೋರ್ಟ್ ನಂಬರನ್ನು ಕೊನೆಯ ಅಂಕಿಯಿಂದ ಹಿಂದಕ್ಕೆ ಹೊಡೆಯಬೇಕು. ಒಂದು ಅಂಕಿ ಆಚೀಚೆಯಾದರೆ ಕಿಟಕಿಯಿಂದ ಅರ್ಜಿ ವಾಪಸು, ಆ ಮನುಷ್ಯನ ಒಂದು ದಿನದ ಸಂಬಳ ಹೋಯಿತು. ಸುಡಾನಿನ ಹಿರಿಯರು ನನ್ನ ಬೆರಳ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು, 'ಶ್ವೈ ಶ್ವೈ' ಅನ್ನುತ್ತಿದ್ದರು. ಅವಸರ ಬೇಡ, ನಿಧಾನ.

ನಾನು ಹುಟ್ಟಿ ಬೆಳೆದ ಊರಿನಲ್ಲಿ ಆ ಲಿಪಿ ಇರಲಿಲ್ಲವೆಂದಲ್ಲ. ಮಸೀದಿಯ ಗೋಡೆಯ ಮೇಲೆ, ಸಹಪಾಠಿಗಳ ಮನೆಯ ಬಾಗಿಲ ಮೇಲೆ ದಿನವೂ ಕಂಡಿದ್ದೆ. ಓದುವ ಸಂಗತಿ ಅದು ಎಂದು ಮನಸ್ಸಿಗೆ ಬಂದಿರಲೇ ಇಲ್ಲ. ಅಕ್ಷರ ಕೂಡಿಸಿ ಓದಲು ಬಂದ ಮೇಲೆ ರಜೆಯಲ್ಲಿ ಊರಿಗೆ ಹೋದಾಗ ಅದೇ ಬಾಗಿಲುಗಳ ಮುಂದೆ ನಿಂತು ಓದಿದೆ. ನನ್ನ ಊರೇ ಅಷ್ಟು ಮಟ್ಟಿಗೆ ದೊಡ್ಡದಾಯಿತು. ಪರದೇಶ ನನಗೆ ಕೊಟ್ಟದ್ದರಲ್ಲಿ ಇದಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ ಎಂದೇ ಈಗಲೂ ನನಗೆ ಅನ್ನಿಸುವುದು.

ಅರಬಿ ಬಂದ ಮೇಲೆ ಆ ವೃತ್ತಿಯ ಖಾನೆಯನ್ನು ನಾನೇ ತುಂಬಿಸತೊಡಗಿದೆ. ಅರ್ಜಿಯಲ್ಲಿ ಇಷ್ಟೆಲ್ಲ ಖಾನೆಗಳಿದ್ದರೂ ಮನುಷ್ಯನ ಬದುಕು ನಿಂತದ್ದು ಆ ಒಂದರ ಮೇಲೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಸಂಬಳ ಸಾಕಾದರೂ ವೃತ್ತಿ ಸರಿಯಿರಬೇಕಿತ್ತು. ಡ್ರೈವರ್, ಮೇಸ್ತ್ರಿ, ಕೂಲಿ ಎಂದಿದ್ದರೆ ಇಲ್ಲ. ಬೈಂದೂರು ಕಡೆಯ ಒಬ್ಬರು ತೋಟದ ಕೂಲಿ ಎಂಬ ವೀಸಾದಲ್ಲಿ ಬಂದಿದ್ದರು. ಹಗಲು ಸೈಟಿನ ಕೆಲಸ, ರಾತ್ರಿ ನಕ್ಷೆ ಬರೆಯುವುದನ್ನು ಕಲಿತು, ಕೆಲವೇ ವರ್ಷಗಳಲ್ಲಿ ಎಂಜಿನಿಯರುಗಳು ಅವರನ್ನೇ ಕರೆದು ಕೇಳುವ ಹಾಗಾದರು. ಕಾಗದದಲ್ಲಿ ಮಾತ್ರ ಅವರಿನ್ನೂ ತೋಟದ ಕೂಲಿ. ವೃತ್ತಿ ಬದಲಿಸಬೇಕಾದರೆ ಸರ್ಟಿಫಿಕೇಟು ಬೇಕು, ಅದಕ್ಕೆ ಬೆಂಗಳೂರಿನಲ್ಲೊಂದು ಮುದ್ರೆ, ದೆಹಲಿಯಲ್ಲಿ ವಿದೇಶಾಂಗ ಇಲಾಖೆಯದೊಂದು, ಎಮಿರೇಟ್ಸ್ ರಾಯಭಾರ ಕಚೇರಿಯದೊಂದು. ರಾತ್ರಿ ಕೂತು ತಾನೇ ಕಲಿತದ್ದಕ್ಕೆ ಎಲ್ಲಿಯ ಮುದ್ರೆ? ಅವರ ಮಗಳು ಅಪ್ಪನನ್ನು ಫೋಟೋದಲ್ಲಿ ನೋಡುತ್ತಲೇ ಶಾಲೆ ಮುಗಿಸಿದಳು. 2019ರಲ್ಲಿ ವೃತ್ತಿ ನೋಡುವ ಆ ನಿಯಮ ಹೋಯಿತು. ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ ಕಂಪೆನಿಯೇ ಮನೆ ಕೊಟ್ಟಿದ್ದರೆ 3,000, ಇಷ್ಟಿದ್ದವರು ಯಾವ ವೃತ್ತಿಯವರಾದರೂ ಸಂಸಾರ ಕರೆಸಬಹುದು ಎಂದಾಯಿತು. ಅಷ್ಟರಲ್ಲಿ ಅವರ ಮಗಳಿಗೆ ಮದುವೆಯಾಗಿತ್ತು.

ವೀಸಾದ ಅವಧಿ ಆಗ ಮೂರು ವರ್ಷ. 2011ರಿಂದ ಖಾಸಗಿ ಕೆಲಸಗಾರರಿಗೆ ಎರಡಾಯಿತು. ರಿನ್ಯೂವಲ್‌ಗೆ ಬಂದವರು ನನ್ನ ಮೇಜಿನೆದುರು ಕೂತು ಹೇಳುವ ಮಾತು ಒಂದೇ: 'ಇದೊಂದು ಸಲ ಸಾಕು ಅಣ್ಣ, ಮುಂದಿನ ಸಲ ಕ್ಯಾನ್ಸಲ್.' ಹಾಗೆಂದವರೇ ಮತ್ತೆ ಮತ್ತೆ ರಿನ್ಯೂವಲ್‌ಗೆ ಬರುತ್ತಿದ್ದರು. ಹೇಗೂ ಹೋಗುವವರಲ್ಲವೇ ಎಂದು ಬೆಡ್ ಸ್ಪೇಸಿನ, ಅಂದರೆ ಹಂಚಿಕೊಂಡ ಕೋಣೆಯ, ಬಾಡಿಗೆ ಮಂಚಕ್ಕೆ ಒಳ್ಳೆಯ ಹಾಸಿಗೆ ತರಲಿಲ್ಲ. ಮೇಲಿನ ಮಂಚದ ಪಠಾಣನ ಹೆಸರು ಕೇಳಲಿಲ್ಲ. ದುಬೈ ಕ್ರೀಕಿನ ದಂಡೆಯಲ್ಲೇ ಇದ್ದು ಅಬ್ರಾ ದೋಣಿ ಹತ್ತಿ ಆಚೆ ದಡ ನೋಡಿ ಬರಲಿಲ್ಲ. ತಲೆನರೆತ ಮೇಲೂ ಅವರ ಬದುಕು ಊರಿನಲ್ಲಿ ಶುರುವಾಗಲು ಕಾಯುತ್ತಲೇ ಇತ್ತು. ಊರಿಗೆ ಮರಳಿದವರಿಗೆ ಅಲ್ಲಿ ತಮ್ಮಂದಿರು ಬೆಳೆದಿದ್ದರು, ಮನೆಯ ಯಜಮಾನಿಕೆ ಬೇರೆಯವರ ಕೈಗೆ ಹೋಗಿತ್ತು. ಬದಲಾಗಬಾರದು ಎಂದು ಬಿಗಿಹಿಡಿದು ಕೂತವರು ಹೆಚ್ಚು ಕಳೆದುಕೊಂಡರು. ನನ್ನ ಕಣ್ಣೆದುರಿಗೆ ಕಂಡದ್ದು ಇದು, ಬೇರೆ ಯಾರೋ ಹೇಳಿದ್ದಲ್ಲ.

ವೀಸಾ ಕ್ಯಾನ್ಸಲ್ ಅರ್ಜಿ ಟೈಪು ಮಾಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಭಾರದ್ದು. ಅದರೊಂದಿಗೆ ಒಂದು ಹಾಳೆ ಇರುತ್ತದೆ: ನನಗೆ ಬರಬೇಕಾದ ಹಣವೆಲ್ಲ ಬಂದಿದೆ, ತಕರಾರೇನೂ ಇಲ್ಲ ಎಂದು. ಕೆಳಗೆ ಕೆಲಸಗಾರನ ಸಹಿ. ಒಂದು ದಿನ ಒಂದು ಕಂಪೆನಿಯ ಸರ್ಕಾರಿ ಕೆಲಸ ನೋಡಿಕೊಳ್ಳುವ ಮಂದೂಬ್ ನಮ್ಮ ಕಡೆಯ ಒಬ್ಬ ವಯಸ್ಸಾದವರನ್ನು ಕರೆತಂದು ಆ ಹಾಳೆ ಮುಂದಿಟ್ಟ. ಅವರು ಪೆನ್ನು ಹಿಡಿದವರು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, 'ಇದ್ರಗೆ ಎಂತ ಬರ್ದಿತ್ತ್ ಅಣ್ಣ?'

ಓದಿ ಹೇಳಿದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. ಸರ್ವಿಸ್ ದುಡ್ಡು ಎಂದು ಅಲ್ಲಿ ಎಲ್ಲರೂ ಹೇಳುವ ಗ್ರಾಚ್ಯುಟಿ ಅವರಿಗೆ ಒಂದು ದಿರ್ಹಮೂ ಬಂದಿರಲಿಲ್ಲ. ಕಾನೂನಿನ ಪ್ರಕಾರ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಅವರ ಸೇವೆಗೆ ಅದು ಸಣ್ಣ ಮೊತ್ತವಲ್ಲ. ಮಂದೂಬ್ ನನ್ನನ್ನು ಬೈದು ಕಾಗದ ಬಾಚಿಕೊಂಡು ಹೋದ. ನಮ್ಮ ಅಂಗಡಿಯ ಮಾಲೀಕರಿಗೆ ಆ ಕಂಪೆನಿಯ ಕೆಲಸ ತಪ್ಪಿತು. ಆದರೆ ಅವರು ನನಗೆ ಒಂದು ಮಾತು ಅನ್ನಲಿಲ್ಲ, ಅದನ್ನಿಲ್ಲಿ ಹೇಳಲೇಬೇಕು. ವಾರ ಕಳೆದು ಆ ಹಿರಿಯರು ಮತ್ತೆ ಬಂದರು, ಹಣ ಕೈಸೇರಿತ್ತು. ಈ ಸಲ ನಾನು ಓದಿ ಹೇಳಿದ ಮೇಲೆ ಸಹಿ ಹಾಕಿದರು, ಕನ್ನಡದಲ್ಲಿ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಂತು, ಕಾರ್ಬನ್ ಕಾಗದ ಹೋಯಿತು, ಅಂಕಿಯನ್ನು ಹಿಂದಿನಿಂದ ಹೊಡೆಯುವ ಕಷ್ಟ ತಪ್ಪಿತು. 2001ರಲ್ಲಿ ಇ-ದಿರ್ಹಮ್ ಕಾರ್ಡು ಬಂದು ಶುಲ್ಕದ ಸ್ಟಾಂಪುಗಳು ಮಾಯವಾದವು. ಅರ್ಜಿಗಳು ಆನ್‌ಲೈನಾದವು, ಆಮೆರ್, ತಸ್‌ಹೀಲ್ ಎಂಬ ದೊಡ್ಡ ಕೇಂದ್ರಗಳು ಎದ್ದವು, ಟೋಕನ್ನು, ಸಾಲು ಸೋಫಾ. ಸಣ್ಣ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. 2021ರ ಡಿಸೆಂಬರಿನಲ್ಲಿ ದುಬೈ ಸರ್ಕಾರ ತನ್ನ ಕಚೇರಿಗಳು ಪೂರ್ತಿ ಕಾಗದಮುಕ್ತ ಎಂದು ಸಾರಿತು. ಮರುವರ್ಷ ಪಾಸ್‌ಪೋರ್ಟಿಗೆ ವೀಸಾ ಅಂಟಿಸುವುದೂ ನಿಂತು, ಗುರುತಿನ ಚೀಟಿಯೇ ವೀಸಾ ಆಯಿತು.

ಅಂಗಡಿ ಹೋಯಿತಲ್ಲ ಎಂದು ಕೇಳುವವರುಂಟು. ನನಗೆ ದುಃಖವಿಲ್ಲ. ಕಫೀಲ್ ಒಪ್ಪಿಗೆ ಕೊಡದೆ ಕೆಲಸ ಬದಲಿಸಿದರೆ ಆರು ತಿಂಗಳ ಬ್ಯಾನ್ ಬೀಳುತ್ತಿದ್ದ ಕಾಲದ ಅರ್ಜಿಗಳನ್ನು ನಾನೇ ಟೈಪು ಮಾಡಿದ್ದೇನೆ. 2011ರಿಂದ ಆ ಬಿಗಿ ಸಡಿಲವಾಗುತ್ತ ಬಂತು. ಈಗ ತನ್ನ ವೀಸಾದ ಸ್ಥಿತಿಯನ್ನು ಸೈಟಿನ ಹುಡುಗ ತನ್ನ ಫೋನಿನಲ್ಲೇ ನೋಡಿಕೊಳ್ಳುತ್ತಾನೆ. ನಮ್ಮಂಥವರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಇದು ಒಳ್ಳೆಯ ಬದಲಾವಣೆ. ನನ್ನ ಕಸುಬಿನ ಬೆಲೆ ತೆತ್ತು ಬಂದದ್ದಾದರೂ ಒಳ್ಳೆಯದೇ.

ಒಂದು ಕೊರತೆ ಮಾತ್ರ ಉಳಿದಿದೆ, ಅದಕ್ಕಾಗಿಯೇ ಇಷ್ಟು ಬರೆದೆ. 2016ರಲ್ಲಿ ಅಲ್ಲಿನ ಕಾರ್ಮಿಕ ಸಚಿವಾಲಯ ಹೊಸ ಕ್ರಮ ತಂದಿತು: ಕೆಲಸಗಾರ ತನ್ನ ದೇಶ ಬಿಡುವ ಮೊದಲೇ ಆಫರ್ ಲೆಟರು ಓದಿ ಸಹಿ ಹಾಕಬೇಕು, ಅದು ಅರಬಿ ಮತ್ತು ಇಂಗ್ಲಿಷಿನ ಜೊತೆಗೆ ಅವನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲಿಯೂ ಇರಬೇಕು. ಆಗ ಕೊಟ್ಟ ಭಾಷೆಗಳಲ್ಲಿ ಹಿಂದಿ, ಉರ್ದು, ಬಂಗಾಳಿ, ಮಲಯಾಳಂ, ತಮಿಳು ಇದ್ದವು. ಕನ್ನಡ ಇರಲಿಲ್ಲ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಇವತ್ತಿಗೂ ಹುಡುಗರು ಹೋಗುತ್ತಿದ್ದಾರೆ. ದುಬೈ, ಅಬುಧಾಬಿ, ಶಾರ್ಜಾಗಳ ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸಬಲ್ಲವು. ಸಂಘದವರೇ, ಅದೇ ಶಕ್ತಿ ಹಾಕಿ ಆ ಆಫರ್ ಪತ್ರದ ಕನ್ನಡ ಪ್ರತಿಯೊಂದನ್ನು ಸಿದ್ಧಮಾಡಿ ಊರೂರಿನ ಪಂಚಾಯಿತಿಗೆ ತಲುಪಿಸಿ, ನಮ್ಮ ಸರ್ಕಾರವನ್ನೂ ಎಚ್ಚರಿಸಿ. ಹೊರಡುವ ಹುಡುಗರೇ, ಓದಿಸಿ ತಿಳಿದುಕೊಳ್ಳದ ಕಾಗದಕ್ಕೆ ಸಹಿ ಹಾಕಬೇಡಿ. ಹೋದ ಮೇಲೆ ಮೊದಲ ತಿಂಗಳಲ್ಲೇ ಅರಬಿ ಅಕ್ಷರ ಕಲಿಯಲು ಕೂತುಕೊಳ್ಳಿ.