ಕೋಟೆ ಮೈದಾನದ ಸಂಗೀತ

ಯುಗಾದಿಯ ಬೇವುಬೆಲ್ಲದ ರುಚಿ ನಾಲಗೆಯಿಂದ ಮಾಸುವ ಮೊದಲೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮನವಮಿಯ ಸಡಗರವು ಮೊದಲಾಗುವುದು. ಶ್ರೀರಾಮಸೇವಾ ಮಂಡಲಿಯ ಸಂಗೀತೋತ್ಸವವನ್ನು 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಆರಂಭಿಸಿದರು. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ನಾಡಿನ ಹಿರಿಯ ವಿದ್ವಾಂಸರೆಲ್ಲರೂ ಹಾಡಿ ನುಡಿಸಿದ್ದಾರೆಂದರೆ ಅತಿಶಯವಾಗದು.

ಪಂಚಾಂಗದ ಮಾತಿಗೆ ಚೈತ್ರವು ವಸಂತ. ಬೆವರಿನ ಮಾತಿಗೆ ಅದು ಗ್ರೀಷ್ಮವೇ ಸರಿ. ಶಾಕುಂತಲದ ಪ್ರಸ್ತಾವನೆಯಲ್ಲಿ ಸೂತ್ರಧಾರನು ನಟಿಯಿಂದ ಗ್ರೀಷ್ಮವನ್ನು ಕುರಿತು ಹಾಡಿಸಿ, ಆ ಹಾಡಿಗೆ ಮನಸೋತು, ತಾನು ಆಡಿಸಬೇಕಾದ ನಾಟಕವಾವುದೆಂಬುದನ್ನೇ ಮರೆಯುತ್ತಾನೆ. ಬಹುಕಾಲ ಹುಡುಗರಿಗೆ ಇದನ್ನು ಪಾಠ ಹೇಳಿದ ನನಗೆ ಆ ಮರವೆಯು ಮನವರಿಕೆಯಾದುದು ತರಗತಿಯಲ್ಲಲ್ಲ, ಈ ಮೈದಾನದ ಹೊರಗೋಡೆಯ ಬಳಿಯಲ್ಲಿ.

ಹೊರಗೋಡೆಯೆಂದೆನಷ್ಟೆ. ವಿದ್ಯಾರ್ಥಿದೆಸೆಯಲ್ಲಿ ಟಿಕೇಟಿಗೆ ಹಣವಿರಲಿಲ್ಲ. ಧ್ವನಿವರ್ಧಕದ ಕೃಪೆಯಿಂದ ಸಂಗೀತವು ಗೋಡೆ ದಾಟಿ ಬರುತ್ತಿತ್ತು. ನನ್ನಂಥವರು ರಸ್ತೆಯಂಚಿನಲ್ಲಿ ಹಳೆಯ ಪತ್ರಿಕೆ ಹಾಸಿ ಕುಳಿತುಬಿಡುತ್ತಿದ್ದೆವು. ಅಲ್ಲಿ ಎಳನೀರು ಮಾರುವವನೊಬ್ಬನಿದ್ದನು. ಆಲಾಪನೆ ನಡೆಯುವಾಗ ಯಾರು ಬಂದು ಕೇಳಿದರೂ ಅವನು ಕಾಯಿ ಕೊಚ್ಚುತ್ತಿರಲಿಲ್ಲ. ನಾನು ಉಪಾಧ್ಯಾಯನಾದ ಮೇಲೂ, “ಸ್ವಲ್ಪ ತಡೀರಿ ಮೇಷ್ಟ್ರೇ, ಇದೊಂದು ಮುಗೀಲಿ” ಎಂದು ಕತ್ತಿಯನ್ನು ಕೆಳಗಿಡುತ್ತಿದ್ದನು. ರಾಗದ ಹೆಸರು ಅವನಿಗೆ ತಿಳಿಯದು. ಆದರೆ, “ಹೋದ ವರ್ಷ ಪಿಟೀಲಿನವರು ಬಾರಿಸಿದ್ದು ಇದೇ ಅಲ್ವಾ?” ಎಂದು ಅವನು ಕೇಳಿದಾಗ, ಅದು ತಪ್ಪಾದುದನ್ನು ನಾನು ಕಾಣೆ.

ಬಯಲಿನಲ್ಲಿ ಹಾಡುವವರ ಕಷ್ಟವೂ ಸಾಮಾನ್ಯವಲ್ಲ. ಸೆಕೆಗೆ ಚರ್ಮ ಬಿಗಿದು ಮೃದಂಗದ ಶ್ರುತಿ ಏರುವುದು. ಮಳೆಯ ತೇವ ತಾಗಿದರೆ ಇಳಿಯುವುದು. ಎಡಮುಖಕ್ಕೆ ಮೆತ್ತಿದ ರವೆಯು ಬಿಸಿಗಾಳಿಗೆ ಒಣಗುತ್ತಿದ್ದಂತೆ ವಾದಕನು ಅದಕ್ಕೆ ನೀರು ಸವರಬೇಕು. ಒಂದು ಸಂಜೆ ತೋಡಿಯ ನಡುವೆ ಸಿಡಿಲಿನೊಡನೆ ಮಳೆ ಸುರಿದು, ದೀಪಗಳೂ ಆರಿದವು. ಒಳಗಿನವರು ಕುರ್ಚಿಗಳನ್ನೇ ತಲೆಯ ಮೇಲೆ ಹಿಡಿದರಂತೆ. ಹೊರಗಿನ ನಾವು ಅಂಗಡಿಯ ಸೂರಿನಡಿ ನಿಂತೆವು. ಮಣ್ಣಿನ ವಾಸನೆಯೊಂದಿಗೆ, ಧ್ವನಿವರ್ಧಕವಿಲ್ಲದೆ, ಗಾಯಕರ ಬರಿಯ ಕಂಠವು ಎಳೆಯಾಗಿ ಗೋಡೆಯಾಚೆಯಿಂದ ಕೇಳಿಬಂತು. ಯಾರೊಬ್ಬರೂ ಮನೆಗೆ ಹೊರಡಲಿಲ್ಲ.

2020ರ ಚೈತ್ರದಲ್ಲಿ ಸಾಂಕ್ರಾಮಿಕದ ದಿಗ್ಬಂಧನದಿಂದ ಮೈದಾನವು ಮೂಕವಾಯಿತು. ಮಗನು ತನ್ನ ದೂರವಾಣಿಯಲ್ಲಿ ಹಳೆಯ ಕಚೇರಿಯೊಂದನ್ನು ಹಚ್ಚಿಕೊಟ್ಟನು. ಶ್ರುತಿ ಶುದ್ಧ, ಬಸ್ಸಿನ ಕಹಳೆಯಿಲ್ಲ, ಸೊಳ್ಳೆಯ ಕಾಟವಿಲ್ಲ. ಆದರೂ ಅರ್ಧಕ್ಕೇ ಎದ್ದೆನು.

ಉತ್ಸವವು ಮರಳಿದ ಮೇಲೆ ಟಿಕೇಟು ಕೊಂಡು ಹೋದೆನು. ಗೋಡೆಯ ಬಳಿ ಎಳನೀರಿನ ಗಾಡಿಯಿರಲಿಲ್ಲ. ಪಕ್ಕದ ಹೂವಿನಾಕೆಯನ್ನು ವಿಚಾರಿಸಿದೆನು. “ಕಾಯಿಲೆ ಕಾಲದಲ್ಲಿ ಊರಿಗೆ ಹೋದೋರು, ಆಮೇಲೆ ಬರ್ಲಿಲ್ಲ ಸ್ವಾಮಿ,” ಎಂದಳು. ಒಳಗೆ ಮೂರನೆಯ ಸಾಲಿನಲ್ಲಿ ಕುಳಿತೆನು. ಹಾಡುವವರ ಮುಖ ಕಾಣುತ್ತಿತ್ತು, ಮೆತ್ತನೆಯ ಕುರ್ಚಿಯಿತ್ತು. ವರ್ಣವಾಯಿತು, ಎರಡು ಕೃತಿಗಳಾದವು. ಗಾಯಕರು ತೋಡಿಯನ್ನು ಎತ್ತಿಕೊಳ್ಳುತ್ತಿದ್ದಂತೆ, ಹಿಂದೆ ನಿಂತಿದ್ದ ಹುಡುಗನಿಗೆ ಕುರ್ಚಿಯನ್ನು ಬಿಟ್ಟುಕೊಟ್ಟು ಹೊರಬಂದೆನು. ಹೂವಿನಾಕೆ ತನ್ನ ಬುಟ್ಟಿಯನ್ನು ತುಸು ಸರಿಸಿ ಜಾಗ ಮಾಡಿದಳು.