34 ಅಡಿ ಇಳಿಸಿದರೆ 27 ಅಡಿಗೆ ಕೂಲಿ

ಘಾಟಿ ರಸ್ತೆಯಲ್ಲಿ ನಾಟ ತುಂಬಿದ ಲಾರಿ ಮುಂದೆ ಸಿಕ್ಕಿದರೆ ಎಲ್ಲರೂ ಬೈದುಕೊಳ್ಳುವವರೇ. ಓವರ್‌ಟೇಕ್ ಮಾಡಲು ಜಾಗ ಇರುವುದಿಲ್ಲ, ಹಾರ್ನ್ ಹೊಡೆದರೂ ಅದು ಸರಿಯುವುದಿಲ್ಲ. ಆ ದಿಮ್ಮಿಗಳು ಲಾರಿ ಹತ್ತುವ ಮೊದಲು ಎಲ್ಲಿ ಬಿದ್ದಿದ್ದವು, ಅಲ್ಲಿಂದ ರಸ್ತೆಗೆ ಹೇಗೆ ಬಂದವು ಅಂತ ಕೇಳುವವರು ಕಡಿಮೆ. ಮರ ಬಿದ್ದ ಜಾಗಕ್ಕೂ ಲಾರಿ ನಿಂತ ಜಾಗಕ್ಕೂ ನಡುವೆ ಇರುವ ಇನ್ನೂರು ಮುನ್ನೂರು ಮೀಟರ್ ಗುಡ್ಡದ ಬಗ್ಗೆ ನಾವು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು. ಇಲ್ಲಿ ಕಾಫಿ ತೋಟ ಅಂದರೆ ಮೇಲೆ ಕಾಡು, ಕೆಳಗೆ ಗಿಡ. ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೆ ಈಗ ಎಲ್ಲಿ ನೋಡಿದರೂ ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಕಾನೂನಿನದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅನುಮತಿ ಬೇಕು. ಆದರೆ ಸಿಲ್ವರ್ ಓಕ್, ಗಾಳಿಮರ, ನೀಲಗಿರಿ, ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಮಗಳ ಮದುವೆಗೋ, ಬ್ಯಾಂಕಿನ ಕಂತಿಗೋ ದುಡ್ಡು ಬೇಕಾದಾಗ ಬೆಳೆಗಾರರು ಮೊದಲು ನೋಡುವುದು ಈ ಮರಗಳ ಕಡೆಗೇ.

ಕಡಿಯುವುದು ಈಗ ಕಷ್ಟದ ಮಾತಲ್ಲ. ಮೆಷಿನ್ ಗರಗಸ ಬಂದಮೇಲೆ ದೊಡ್ಡ ಮರವೂ ನಿಮಿಷಗಳಲ್ಲಿ ನೆಲಕ್ಕೆ ಬರುತ್ತದೆ. ಅದನ್ನು ಗುಡ್ಡದಿಂದ ಹೊರಗೆ ತರುವ ಕೆಲಸ ಮಾತ್ರ ಇವತ್ತಿಗೂ ಹಗ್ಗ, ಹಾರೆ ಮತ್ತು ಹತ್ತು ಹನ್ನೆರಡು ಜನರದ್ದೇ.

ನಮ್ಮ ಚಿಕ್ಕಪ್ಪ ಈ ಕೆಲಸದಲ್ಲಿದ್ದವರು. ನಾವು ಚಿಕ್ಕವರಿದ್ದಾಗ ರಜೆಯಲ್ಲಿ ಅವರಿಗೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆವು. ಹತ್ತಿರ ಬರಲು ಬಿಡುತ್ತಿರಲಿಲ್ಲ. "ಮೇಲೇ ಕೂತ್ಕೊ, ಕೆಳಗೆ ಕಾಲಿಡಬೇಡ" ಅಂತ ದೂರದಿಂದಲೇ ಕೂಗುತ್ತಿದ್ದರು. ಆ ಕೆಲಸದ ಮೊದಲ ಪಾಠವೇ ಅದು: ದಿಮ್ಮಿಯ ಕೆಳಬದಿಗೆ ಯಾರೂ ನಿಲ್ಲಬಾರದು.

ಕೆಲಸಕ್ಕೊಂದು ಕಾಲ ಇದೆ. ಕಾಫಿ ಕೊಯ್ಲು ಮುಗಿದಿರಬೇಕು, ಹೂಮಳೆ ಬಿದ್ದಿರಬಾರದು. ನೆಲ ಒಣಗಿದ್ದರೆ ಕಾಲು ನಿಲ್ಲುತ್ತದೆ. ಒಂದು ಮಳೆ ಬಿದ್ದರೆ ತರಗೆಲೆಯ ಅಡಿಯ ಮಣ್ಣು ಸೋಪಿನ ಹಾಗಾಗುತ್ತದೆ. ಬೆಳಿಗ್ಗೆ ಇಬ್ಬನಿ ಆರುವವರೆಗೂ ಚಿಕ್ಕಪ್ಪನ ಗ್ಯಾಂಗಿನವರು ಹಗ್ಗ ಮುಟ್ಟುತ್ತಿರಲಿಲ್ಲ. ಬೀಡಿ ಸೇದುತ್ತಾ ಕೂತಿರುತ್ತಿದ್ದರು. ರೈಟರ್ ಬಂದು ಗೊಣಗಿದರೂ ಅಷ್ಟೇ.

ಮರ ಕಡಿಯುವವರಿಗೂ ಎಳೆಯುವವರಿಗೂ ಮೊದಲೇ ಮಾತಾಗಬೇಕು. ಗುಡ್ಡದಲ್ಲಿ ಮರವನ್ನು ನೇರ ಕೆಳಕ್ಕೆ ಬೀಳಿಸಿದರೆ ಬಿದ್ದ ರಭಸಕ್ಕೆ ಸೀಳುತ್ತದೆ, ಇಲ್ಲವೇ ಜಾರಿಕೊಂಡು ಹಳ್ಳ ಸೇರುತ್ತದೆ. ಅಡ್ಡಕ್ಕೆ ಬೀಳಿಸಿದರೆ ಇನ್ನೊಂದು ಮರದ ಬುಡಕ್ಕೆ ಒರಗಿ ನಿಲ್ಲುತ್ತದೆ. ಆಮೇಲೆ ಸೊಪ್ಪು, ರೆಂಬೆ ಸವರಿ, ಹತ್ತಡಿ ಹನ್ನೆರಡಡಿಗೆ ತುಂಡು ಹಾಕಬೇಕು. ತುಂಡು ಹಾಕುವ ಮುಂಚೆ ಕೆಳಬದಿಗೆ ಕಲ್ಲೋ ಬೆಣೆಯೋ ಕೊಟ್ಟಿರಬೇಕು. ಗರಗಸ ಕೊನೆಯ ಎಳೆ ಕೊಯ್ದ ಕ್ಷಣಕ್ಕೆ ದಿಮ್ಮಿ ಬಿಡುಗಡೆಯಾಗುತ್ತದೆ. ಆಗ ಅದು ಯಾರ ಮಾತನ್ನೂ ಕೇಳುವುದಿಲ್ಲ.

ಇಳಿಜಾರು ಅಂದರೆ ಕೆಳಗೆ ನೂಕಿದರೆ ಆಯಿತಲ್ಲ ಅಂತ ಪೇಟೆಯವರು ಕೇಳುತ್ತಾರೆ. ನೂಕಿದರೆ ಹೋಗುತ್ತದೆ, ನಿಜ. ಆದರೆ ಕೆಳಗೆ ಕಾಫಿ ಗಿಡ ಇದೆ, ಮೆಣಸಿನ ಬಳ್ಳಿ ಇದೆ, ಪಂಪಿನ ಪೈಪ್ ಇದೆ, ಕೆಲವು ಕಡೆ ಲೈನ್ ಮನೆಗಳೂ ಇವೆ. ಹಾಗಾಗಿ ಹೆಚ್ಚಿನ ಶಕ್ತಿ ಖರ್ಚಾಗುವುದು ದಿಮ್ಮಿಯನ್ನು ಎಳೆಯುವುದಕ್ಕಲ್ಲ, ತಡೆಯುವುದಕ್ಕೆ.

ತಡೆಯುವ ಉಪಾಯ ಸರಳ. ದಿಮ್ಮಿಯ ಮೇಲ್ತುದಿಗೆ ಹಗ್ಗ ಬಿಗಿದು, ಆ ಹಗ್ಗವನ್ನು ಮೇಲೆ ನಿಂತಿರುವ ಗಟ್ಟಿ ಮರಕ್ಕೆ ಎರಡು ಮೂರು ಸುತ್ತು ಹಾಕುತ್ತಾರೆ. ತೊಗಟೆ ಕೀಳದ ಹಾಗೆ ಗೋಣಿಚೀಲ ಸುತ್ತಿರುತ್ತಾರೆ. ಹಗ್ಗದ ಇನ್ನೊಂದು ತುದಿ ಒಬ್ಬನ ಕೈಯಲ್ಲಿ. ಸುತ್ತಿನ ಉಜ್ಜಾಟವೇ ಬ್ರೇಕು. ಅವನು ಒಂದು ಗೇಣು ಬಿಟ್ಟರೆ ದಿಮ್ಮಿ ಒಂದು ಗೇಣು ಇಳಿಯುತ್ತದೆ. ಗ್ಯಾಂಗಿನಲ್ಲಿ ಎಲ್ಲರಿಗಿಂತ ಬಲಶಾಲಿಗೆ ಈ ಜಾಗ ಕೊಡುವುದಿಲ್ಲ. ಗಡಿಬಿಡಿ ಇಲ್ಲದವನಿಗೆ ಕೊಡುತ್ತಾರೆ. ಉಳಿದವರು ಬದಿಯಲ್ಲಿ ನಿಂತು ಹಾರೆಯಿಂದ ಮೀಟಿ ದಾರಿ ತೋರಿಸುತ್ತಾರೆ. ದಾರಿಗೆ ಅಡಿಕೆ ದಬ್ಬೆಯೋ ತೊಗಟೆ ಸುಲಿದ ಕೋಲುಗಳೋ ಹಾಸು. ಮೇಸ್ತ್ರಿ ಒಬ್ಬನೇ ಕೂಗಬೇಕು, ಎಲ್ಲರೂ ಒಟ್ಟಿಗೆ "ಐಸಾ" ಅನ್ನಬೇಕು. ಆ ಕೂಗು ಉತ್ಸಾಹಕ್ಕಲ್ಲ. ಹನ್ನೆರಡು ಜನರ ಕೈ ಒಂದೇ ಕ್ಷಣಕ್ಕೆ ಒತ್ತು ಕೊಡಬೇಕು, ಒಂದೇ ಕ್ಷಣಕ್ಕೆ ಬಿಡಬೇಕು, ಅದಕ್ಕೆ. ಒಬ್ಬ ತಡ ಮಾಡಿದರೆ ಹಾರೆ ತಿರುಗಿ ಅವನ ಗದ್ದಕ್ಕೇ ಹೊಡೆಯುತ್ತದೆ.

ಹಿಂದೆ ದೊಡ್ಡ ಎಸ್ಟೇಟುಗಳಿಗೆ ಆನೆ ಬರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಈಗ ಸಕ್ರೆಬೈಲು, ದುಬಾರೆ ಬಿಡಾರಗಳಿಗೆ ಹೋಗಿ ಆನೆ ಸ್ನಾನ ಮಾಡುವುದನ್ನು ನೋಡಿ ಬರುತ್ತೇವಲ್ಲ, ಅರಣ್ಯ ಇಲಾಖೆಯ ಆ ಬಿಡಾರಗಳ ಆನೆಗಳಿಗೂ ಒಂದು ಕಾಲದಲ್ಲಿ ನಾಟ ಎಳೆಯುವುದೇ ಕೆಲಸ. ಈಗ ಆನೆಯ ಬದಲು ಹಿಟಾಚಿ. ಟ್ರ್ಯಾಕ್ಟರಿಗೆ ವಿಂಚ್ ಹಾಕಿ ತಂತಿ ಹಗ್ಗದಲ್ಲಿ ಎಳೆಯುವವರೂ ಇದ್ದಾರೆ, ಅದು ಒಳ್ಳೆಯದೇ. ಆದರೆ ಕೆಲವು ಕಡೆ ನಾಲ್ಕು ಲೋಡು ನಾಟಕ್ಕಾಗಿ ಗುಡ್ಡವನ್ನೇ ಅಡ್ಡ ಕೊಯ್ದು ರಸ್ತೆ ಮಾಡುತ್ತಾರೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ನಮ್ಮ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದು ನೋಡಿದ ಮೇಲೂ ಇದು ನಿಂತಿಲ್ಲ. ಆ ಕುಸಿತಗಳಿಗೆ ನಾಟದ ರಸ್ತೆಯೇ ಕಾರಣ ಅಂತ ನಾವು ಹೇಳುತ್ತಿಲ್ಲ. ಬುಡ ಕೊಯ್ದ ಧರೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಯೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಈ ಬರಹದ ತಲೆಬರಹ ಅದೇ.

ಈ ಸೀಸನ್‌ನಲ್ಲಿ ಒಂದು ತೋಟದಲ್ಲಿ ಕೆಲಸ ಮಾಡುತ್ತಿರುವ ಗ್ಯಾಂಗಿನ ಮೇಸ್ತ್ರಿ ನಮಗೆ ಫೋನ್ ಮಾಡಿದರು. "ಅಲ್ಲ ಮಾರಾಯ್ರೆ, ನೀವು ಓದಿದವರಲ್ಲ, ಈ ಸಿಎಫ್‌ಟಿ ಲೆಕ್ಕ ಸರಿ ಇದೆಯಾ ನೋಡಿ ಹೇಳಿ" ಅಂದರು. ಅವರ ಮಗಳು ಹೈಸ್ಕೂಲಿನಲ್ಲಿ ಸಿಲಿಂಡರ್ ಪಾಠ ಓದುತ್ತಿದ್ದಾಳೆ. ಅಪ್ಪ ಹೇಳಿದ ಅಳತೆಗೆ ಅವಳು ಪುಸ್ತಕದ ಸೂತ್ರ ಹಾಕಿದ್ದಾಳೆ, ಉತ್ತರ ಬೇರೆ ಬಂದಿದೆ.

ನೀವೂ ಮಾಡಿ ನೋಡಿ. ದಿಮ್ಮಿ 12 ಅಡಿ ಉದ್ದ. ನಡುಭಾಗದ ಸುತ್ತಳತೆ 6 ಅಡಿ. ನಾಟದ ವ್ಯಾಪಾರದಲ್ಲಿ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸುತ್ತಾರೆ: ಒಂದೂವರೆ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು. ಅದನ್ನು ಉದ್ದ 12ರಿಂದ ಗುಣಿಸಿದರೆ 27 ಘನ ಅಡಿ. ಇದಕ್ಕೆ ಕಾಲು ಸುತ್ತಳತೆಯ ಲೆಕ್ಕ ಅನ್ನುತ್ತಾರೆ. ಹುಡುಗಿ ಮಾಡಿದ ಹಾಗೆ ದುಂಡನೆಯ ಸಿಲಿಂಡರ್ ಅಂತ ಲೆಕ್ಕ ಹಾಕಿದರೆ ಬರುವುದು 34 ಘನ ಅಡಿ ಚಿಲ್ಲರೆ. ದಿಮ್ಮಿ ದೊಡ್ಡದಿರಲಿ ಸಣ್ಣದಿರಲಿ, ಈ ವ್ಯತ್ಯಾಸ ಹೀಗೇ ಇರುತ್ತದೆ. ನಿಜವಾದ ಗಾತ್ರ ನೂರಾದರೆ ಟೇಪಿನ ಲೆಕ್ಕದಲ್ಲಿ ಎಪ್ಪತ್ತೆಂಟೂವರೆ.

ಇದು ಕಂಟ್ರಾಕ್ಟರ್ ಮಾಡಿದ ಮೋಸವೇನಲ್ಲ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಅನ್ನುವವರು 1736ರಲ್ಲಿ ಈ ಲೆಕ್ಕದ ಕೋಷ್ಟಕಗಳ ಪುಸ್ತಕವನ್ನೇ ತಂದಿದ್ದರು. ಬ್ರಿಟಿಷರ ಜೊತೆ ಅದು ಇಲ್ಲಿಗೂ ಬಂತು. ಅದರ ಹಿಂದಿನ ನ್ಯಾಯ ಇಷ್ಟು: ದುಂಡು ದಿಮ್ಮಿಯನ್ನು ಸಾಮಿಲ್‌ನಲ್ಲಿ ಚೌಕ ಮಾಡುವಾಗ ನಾಲ್ಕೂ ಕಡೆ ಹೊರಪಟ್ಟಿ, ಹೊಟ್ಟು ಹೋಗುತ್ತದೆ. ಕೊಳ್ಳುವವನಿಗೆ ಕೈಗೆ ಸಿಗುವುದು ಒಳಗಿನ ಮರ. ಹಾಗಾಗಿ ಅವನು ಅಷ್ಟಕ್ಕೇ ದುಡ್ಡು ಕೊಡುತ್ತಾನೆ. ಮಾರುವವನಿಗೂ ಇದು ಗೊತ್ತು. ಅವರಿಬ್ಬರ ನಡುವೆ ಇದು ಸರಿಯಾದ ಲೆಕ್ಕವೇ.

ಆದರೆ ಗುಡ್ಡದಿಂದ ಇಳಿಸುವವರು ಹೊರಪಟ್ಟಿಯನ್ನು ಗುಡ್ಡದಲ್ಲೇ ಬಿಟ್ಟು ಬರುವುದಿಲ್ಲವಲ್ಲ! ಹೊಟ್ಟಾಗುವ ಮರವನ್ನೂ ಅವರೇ ಇಳಿಸಬೇಕು. ಹಸಿ ದಿಮ್ಮಿಗೆ ನೀರಿನಷ್ಟು ತೂಕ ಅಂತ ಇಟ್ಟುಕೊಂಡರೂ 34 ಅಡಿ ಅಂದರೆ ಸುಮಾರು 970 ಕೆಜಿ. 27 ಅಡಿ ಅಂದರೆ 765 ಕೆಜಿ. ಪ್ರತಿ ದಿಮ್ಮಿಯಲ್ಲೂ ಇನ್ನೂರು ಕೆಜಿ, ಅಂದರೆ ನಾಲ್ಕು ಮೂಟೆ ಸಿಮೆಂಟಿನಷ್ಟು ಭಾರ, ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಎರಡು ಅಡಿ ಜಾರಿದರೆ ಒಂದು ಅಡಿ ಕೆಳಗಿಳಿಯುವಂಥ ಗುಡ್ಡದಲ್ಲಿ ಆ ಭಾರದ ಅರ್ಧದಷ್ಟು ಕೆಳಗಡೆಗೇ ಜಗ್ಗುತ್ತಿರುತ್ತದೆ. ಹಗ್ಗ ಹಿಡಿದವನ ಅಂಗೈಗೆ ಹಾಪಸ್ಸನ ರಿಯಾಯಿತಿ ಇಲ್ಲ.

ನಾವು ಕಂಟ್ರಾಕ್ಟರನ್ನೂ ಕೇಳಿದೆವು. ಅವರು ಸಿಟ್ಟಾಗಲಿಲ್ಲ. "ಅಡಿಗೆ ಇಷ್ಟು ಅಂತ ರೇಟ್ ಮಾತಾಡುವಾಗಲೇ ಅದೆಲ್ಲ ಸೇರಿಸಿ ಮಾತಾಡಿರ್ತೀವಿ. ಅಳತೆ ಬದಲಾಯಿಸಿದರೆ ರೇಟೂ ಬದಲಾಗುತ್ತೆ, ಅಷ್ಟೇ" ಅಂದರು. ಮಾತಿನಲ್ಲಿ ತಪ್ಪಿಲ್ಲ. ಆದರೆ ರೇಟ್ ಮಾತಾಡುವಾಗ ಎರಡೂ ಕಡೆಯವರಿಗೆ ಲೆಕ್ಕ ಗೊತ್ತಿದ್ದರೆ ತಾನೇ ಅದು ಮಾತುಕತೆ? ಈ ಗ್ಯಾಂಗಿನ ಹನ್ನೊಂದು ಜನರಲ್ಲಿ ಒಬ್ಬರಿಗೂ ಈ ಲೆಕ್ಕದ ಒಳಗುಟ್ಟು ತಿಳಿದಿರಲಿಲ್ಲ. ತಿಳಿದದ್ದು ಒಂಬತ್ತನೇ ಕ್ಲಾಸಿನ ಹುಡುಗಿಯಿಂದ.

ನಮಗೂ ಅಳತೆ ಮೇಲೆ ಕೂಲಿ ಕೊಟ್ಟ ಪೇಪರ್ ಇತ್ತು. ಅಚ್ಚಾದ ಸುದ್ದಿಯನ್ನು ಸ್ಕೇಲಿನಲ್ಲಿ ಅಳೆದು ಸೆಂಟಿಮೀಟರಿಗೆ ಇಷ್ಟು ಅಂತ. ಅರವತ್ತು ಕಿಲೋಮೀಟರ್ ಬೈಕ್ ಓಡಿಸಿ ತಂದದ್ದು ನಾಲ್ಕು ಸೆಂಟಿಮೀಟರ್ ಆಗುತ್ತಿತ್ತು. ಅದಕ್ಕೋ ಏನೋ, ಮೇಸ್ತ್ರಿಯ ಮಾತು ನಮಗೆ ಬೇಗ ಅರ್ಥವಾಯಿತು.

ಕಾಗದದ ವಿಷಯ ಇನ್ನೂ ಒಂದಿದೆ. ವಿನಾಯಿತಿ ಇಲ್ಲದ ಮರವಾದರೆ ಅನುಮತಿ ಪತ್ರ, ಅರಣ್ಯ ಇಲಾಖೆಯ ಸುತ್ತಿಗೆ ಗುರುತು, ಸಾಗಾಣಿಕೆ ಪಾಸು ಎಲ್ಲ ಬೇಕು. ಸರ್ವೆ ನಂಬರ್, ಮರದ ಜಾತಿ, ಅಳತೆ, ಲಾರಿ ನಂಬರ್ ಎಲ್ಲ ದಾಖಲಾಗುತ್ತದೆ. ಇರಬೇಕಾದದ್ದೇ, ಇಲ್ಲದಿದ್ದರೆ ಬೀಟೆ, ತೇಗ ಉಳಿಯುವುದಿಲ್ಲ. ಆದರೆ ಅದನ್ನು ಇಳಿಸಿದವರ ಹೆಸರು ಇರುವುದು ರೈಟರ ನೋಟ್‌ಬುಕ್ಕಿನಲ್ಲಿ ಮಾತ್ರ. ಕೆಲವು ಕಡೆ ಅಲ್ಲೂ ಮೇಸ್ತ್ರಿ ಹೆಸರು, ಮುಂದೆ "ಮತ್ತು 11 ಜನ".

ಹೆಸರು ಯಾಕೆ ಬೇಕು ಅಂತ ಚಿಕ್ಕಪ್ಪನ ವಿಷಯದಲ್ಲಿ ನಮಗೆ ಗೊತ್ತಾಯಿತು. 2009ರಲ್ಲಿ ಬೇರೆ ಊರಿನ ತೋಟವೊಂದರಲ್ಲಿ ಹಳೇ ಹಗ್ಗ ಕಿತ್ತು ದಿಮ್ಮಿ ತಿರುಗಿತು. ಬದಿಯಲ್ಲಿದ್ದ ಚಿಕ್ಕಪ್ಪನ ಬಲಗಾಲಿನ ಮೇಲೆ ಹಾದು ಹೋಯಿತು. ಹೊಸ ಹಗ್ಗ ತರಿಸಿ ಅಂತ ವಾರದ ಹಿಂದೆಯೇ ಕೇಳಿದ್ದರಂತೆ. ಕೆಲಸ ಕೊಟ್ಟವರು ಮೊದಲ ಆಸ್ಪತ್ರೆ ಬಿಲ್ ಕಟ್ಟಿದರು. ಆಮೇಲೆ ಅವರು ನಮ್ಮ ಗದ್ದೆಯ ಕಡೆ ಬರಲಿಲ್ಲ. ಚಿಕ್ಕಮ್ಮ ಕಾಫಿ ಕೊಯ್ದು ಮನೆ ನಡೆಸಿದರು.

ಮೂರು ವರ್ಷದ ಮೇಲೆ ಡಿಪ್ಲೊಮಾ ತರಗತಿಯಲ್ಲಿ ಕಾರ್ಮಿಕ ಕಾನೂನಿನ ಪುಸ್ತಕ ನಮ್ಮ ಕೈಗೆ ಬಂತು. 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ, ಯಾವ ಯಾವ ಕೆಲಸದವರಿಗೆ ಪರಿಹಾರ ಅನ್ನುವ ಪಟ್ಟಿಯಲ್ಲಿ, ಮರ ಕಡಿಯುವುದು, ದಿಮ್ಮಿ ಮಾಡಿ ಸಾಗಿಸುವುದು ಹೆಸರು ಹಿಡಿದೇ ಇತ್ತು. ಆನೆ ನೋಡಿಕೊಳ್ಳುವವರೂ ಆ ಪಟ್ಟಿಯಲ್ಲಿದ್ದರು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ತಡವಾದರೂ ಸರಿಯಾದ ಕಾರಣ ಇದ್ದರೆ ಆಯುಕ್ತರು ತೆಗೆದುಕೊಳ್ಳಬಹುದಿತ್ತು. ನಾವು ಅರ್ಜಿ ಬರೆದುಕೊಂಡೇ ಊರಿಗೆ ಹೋದೆವು. ಚಿಕ್ಕಪ್ಪ ಓದಿಸಿ ಕೇಳಿದರು. "ನಿನ್ನ ಚಿಕ್ಕಮ್ಮ ನಾಳೆ ಯಾರ ತೋಟಕ್ಕೆ ಕೊಯ್ಲಿಗೆ ಹೋಗೋದು?" ಅಂದರು. ಸಹಿ ಹಾಕಲಿಲ್ಲ. ಆ ಹಾಳೆ ಈಗಲೂ ನಮ್ಮ ಫೈಲಿನಲ್ಲಿದೆ.

ಆ ಕಾಯ್ದೆಯ ವಿಷಯಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿವೆ. ನಿಮ್ಮ ಮನೆಯಲ್ಲಿ, ಪಕ್ಕದಲ್ಲಿ ಈ ಕೆಲಸಕ್ಕೆ ಹೋಗುವವರಿದ್ದರೆ ಇಷ್ಟು ಮಾಡಿ: ಯಾವ ತೋಟ, ಯಾವ ದಿನ, ಯಾರು ಕರೆದರು ಅಂತ ಮೊಬೈಲಿನಲ್ಲಿ ಒಂದು ಮೆಸೇಜ್ ಆದರೂ ಇಟ್ಟುಕೊಳ್ಳಿ. ಪೆಟ್ಟಾದರೆ ಆಸ್ಪತ್ರೆಯಲ್ಲಿ "ಮನೆಯಲ್ಲಿ ಜಾರಿ ಬಿದ್ದೆ" ಅಂತ ಬರೆಸಬೇಡಿ. ಹಾಗೆ ಬರೆಸಿ ಅಂತ ಹೇಳುವವರು ಇರುತ್ತಾರೆ. ಕಾರ್ಮಿಕ ಇಲಾಖೆ ಕಚೇರಿಗೆ ಬೇಗ ಹೋಗಿ.

ಮೇಸ್ತ್ರಿಯ ಗ್ಯಾಂಗ್ ಈಗ ಕೇಳುತ್ತಿರುವುದು ಟನ್ ಲೆಕ್ಕದ ಕೂಲಿ. ಲಾರಿ ಹೇಗೂ ವೇಬ್ರಿಡ್ಜ್ ಹತ್ತುತ್ತದೆ, ತೂಕದ ಚೀಟಿ ಹೇಗೂ ಬರುತ್ತದೆ, ಅದರ ಮೇಲೆ ಕೊಡಿ ಅಂತ. ಕಂಟ್ರಾಕ್ಟರ್ ಅಡಿಗೆ ಎರಡು ರೂಪಾಯಿ ಹೆಚ್ಚಿಸುತ್ತೇನೆ, ಟೇಪ್ ಮಾತ್ರ ಬಿಡುವುದಿಲ್ಲ ಅಂದಿದ್ದಾರೆ. ಒಣಗಿದ ಮರ ತೂಕದಲ್ಲಿ ಕಡಿಮೆ ಬರುತ್ತದೆ, ಆಗ ನಿಮಗೇ ನಷ್ಟ ಅಂತ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಅದೂ ನಿಜವೇ. "ಒಣಗಿದರೆ ನಮ್ಮ ಕೈಗೂ ಹಗುರ ಆಗುತ್ತಲ್ಲ ಸಾರ್, ಆಗ ಕಡಿಮೆ ಕೊಡಲಿ" ಅನ್ನುತ್ತಾರೆ ಮೇಸ್ತ್ರಿ.

ಪ್ರತಿ ಲೋಡಿನ ತೂಕದ ಚೀಟಿಯ ಫೋಟೊ, ಪಕ್ಕದಲ್ಲಿ ಟೇಪಿನ ಲೆಕ್ಕ, ಎರಡನ್ನೂ ಅವರು ನಮಗೆ ವಾಟ್ಸಾಪ್ ಮಾಡುತ್ತಿದ್ದಾರೆ. ಮಗಳ ಅಕ್ಷರ. ಮೊನ್ನೆ ರಾತ್ರಿ ಏಳನೇ ಲೋಡಿನದ್ದು ಬಂತು. ಯುಗಾದಿ ಕಳೆದ ಮೇಲೆ ಕೂತು ಮಾತಾಡೋಣ ಅಂತ ಕಂಟ್ರಾಕ್ಟರ್ ಹೇಳಿದ್ದಾರಂತೆ. ಅಷ್ಟರೊಳಗೆ ಹೂಮಳೆ ಬಂದರೆ ಕೆಲಸ ನಿಲ್ಲುತ್ತದೆ. ಗುಡ್ಡದ ಮೇಲೆ ಇನ್ನೂ ನಲವತ್ತು ದಿಮ್ಮಿ ಬಿದ್ದಿವೆ.