ಮುಚ್ಚಿದ ಪಾಕೀಟು

ಒಡೆಯದ ತೆಂಗಿನಕಾಯಿ, ಬಿಚ್ಚದ ಪತ್ರ, ತೆರೆಯದ ಪಾಕೀಟು ಈ ಮೂರರಲ್ಲಿಯೂ ಒಂದು ಸಮಾನಧರ್ಮವುಂಟು. ಒಳಗಿರುವ ವಸ್ತುವು ಎಂದೋ ನಿಶ್ಚಿತವಾಗಿ ಹೋಗಿರುತ್ತದೆ. ಅನಿಶ್ಚಯವಿರುವುದು ನೋಡುವವನ ಮನಸ್ಸಿನಲ್ಲಿ ಮಾತ್ರ. ಕಾಯಿ ಕೆಟ್ಟಿದ್ದರೆ ಅದು ಅಂಗಡಿಯಲ್ಲಿದ್ದಾಗಲೇ ಕೆಟ್ಟಿತ್ತು. ಪತ್ರದಲ್ಲಿ ಅಶುಭವಾರ್ತೆಯಿದ್ದರೆ ಅದು ಅಂಚೆಯವನ ಚೀಲದಲ್ಲಿದ್ದಾಗಲೂ ಅಶುಭವೇ ಆಗಿತ್ತು. ಹೀಗಿದ್ದರೂ ಕೈಯಲ್ಲಿ ಹಿಡಿದು ಇನ್ನೂ ಬಿಚ್ಚದಿರುವ ಆ ಕ್ಷಣಕ್ಕೆ ಒಂದು ವಿಶೇಷವಾದ ರುಚಿಯಿದೆ. ಆ ರುಚಿಯನ್ನೇ ಪೊಟ್ಟಣ ಕಟ್ಟಿ ಮಾರಿದವರು ಆಟಗಾರರ ಚಿತ್ರಗಳ ವ್ಯಾಪಾರಿಗಳು.

ಬೆಳಗಾವಿಯ ಟಿಳಕವಾಡಿಯಲ್ಲಿ ಗೃಹಸ್ಥನೊಬ್ಬನಿದ್ದಾನೆ. ವಯಸ್ಸು ಐವತ್ತಕ್ಕೆ ಸಮೀಪಿಸಿದೆ, ಬ್ಯಾಂಕಿನಲ್ಲಿ ಗುಮಾಸ್ತಿಕೆ, ಹುಟ್ಟಿದೂರು ಖಾನಾಪುರ. ಶನಿವಾರ ಸಂಜೆ ಖಡೇಬಜಾರಿನ ಕಡೆಗೆ ಹೋಗಿ, ಒಂದು ಸ್ಟೇಶನರಿ ಅಂಗಡಿಯಿಂದ ನಾಲ್ಕಾರು ಪಾಕೀಟುಗಳನ್ನು ಕೊಂಡು ತರುವುದು ಅವನ ಪದ್ಧತಿ. ಮನೆಗೆ ಬಂದು ಕೈಕಾಲು ತೊಳೆದು, ಚಹ ಕುಡಿದು, ಮೇಜಿನ ಮೇಲೆ ವೃತ್ತಪತ್ರಿಕೆಯನ್ನು ಹಾಸಿ, ಸಣ್ಣ ಕತ್ತರಿಯಿಂದ ಪಾಕೀಟಿನ ಅಂಚನ್ನಷ್ಟೇ ಕತ್ತರಿಸುವನು. ಹರಿದು ತೆಗೆಯುವುದು ಅವನಿಗೆ ಸಮ್ಮತವಲ್ಲ. ಒಳಗಿನವುಗಳನ್ನು ಮಗುಚಿ ಹಿಡಿದು ಒಂದೊಂದಾಗಿ ತಿರುವುವನು. ಹೊಸದಾದರೆ ಬಲಕ್ಕೆ, ಮೊದಲೇ ಇದ್ದುದಾದರೆ ಎಡಕ್ಕೆ. ಎಡಕ್ಕೆ ಬೀಳುವವನ್ನು ಹುಡುಗರ ಭಾಷೆಯಲ್ಲಿ ‘ಡಬಲ್’ ಎನ್ನುತ್ತಾರೆ. “ಅಲ್ರೀ, ಈ ವಯಸ್ಸಿನಾಗ ಹುಡುಗರ ಆಟಾ ಹಚ್ಚೀರಲ್ಲ” ಎಂದು ಹೆಂಡತಿಯು ಅನ್ನುವುದುಂಟು. ಅವನು ಉತ್ತರ ಕೊಡುವುದಿಲ್ಲ.

ಈ ಆಟವು ಹುಡುಗರಿಂದ ಆರಂಭವಾದುದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೇರಿಕೆಯ ಸಿಗರೇಟು ವ್ಯಾಪಾರಿಗಳು, ಮೆತ್ತನೆಯ ಕಾಗದದ ಪೊಟ್ಟಣವು ಮುದ್ದೆಯಾಗದಿರಲೆಂದು ಒಳಗೊಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಬರಿಯ ರಟ್ಟೇಕೆಂದು ಅದರ ಮೇಲೆ ಚಿತ್ರವನ್ನು ಅಚ್ಚುಮಾಡಿದರು. ಒಂದೇ ಚಿತ್ರವೇಕೆಂದು ಮಾಲೆಯನ್ನೇ ಮಾಡಿದರು. ಇಂಗ್ಲಂಡದ ವಿಲ್ಸ್ ಸಂಸ್ಥೆಯು 1896ರಲ್ಲಿ 50 ಕ್ರಿಕೆಟ್ ಆಟಗಾರರ ಮಾಲೆಯನ್ನು ಹೊರಡಿಸಿತು. ಅಮೇರಿಕೆಯಲ್ಲಿ 1909ರಿಂದ 1911ರ ವರೆಗೆ ತಂಬಾಕಿನೊಡನೆ ಬಂದ ಬೇಸ್‌ಬಾಲ್ ಮಾಲೆಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ಕೆಲವೇ ಪ್ರತಿಗಳಲ್ಲಿ ಉಳಿಯಿತು. ಅಂತಹದೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ತಂಬಾಕಿನ ತರುವಾಯ ಬಬಲ್‌ಗಮ್ಮಿನ ಕಾಲ ಬಂತು. ಟಾಪ್ಸ್ ಸಂಸ್ಥೆಯ 1952ರ ಮಾಲೆಯಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಸಮುದ್ರಕ್ಕೆ ಚೆಲ್ಲಿಸಿದುದಾಗಿ ಆ ಮಾಲೆಯನ್ನು ರೂಪಿಸಿದ ಸೈ ಬರ್ಗರನೇ ಹೇಳಿದ್ದನು. ಅದೇ ಮಾಲೆಯ ಮಿಕಿ ಮ್ಯಾಂಟಲನ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಬೇಡವೆಂದು ಎಸೆದುದು ಬೇಕೆಂದಾಗ ಸಿಗದು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ದೃಷ್ಟಾಂತವು ಬೇಕಿಲ್ಲ.

ಖಾನಾಪುರಕ್ಕೆ ಈ ಗಾಳಿಯು ಬೀಸಿದುದು 1987ನೆಯ ಇಸವಿಯಲ್ಲಿ. ಆ ವರ್ಷ ಅಕ್ಟೋಬರ ನವಂಬರಗಳಲ್ಲಿ ಭಾರತ ಪಾಕಿಸ್ತಾನಗಳೆರಡೂ ಕೂಡಿ ಕ್ರಿಕೆಟ್ ವಿಶ್ವಕಪ್ಪನ್ನು ನಡೆಸಿದವು. ಬಿಗ್ ಫನ್ ಎಂಬ ಬಬಲ್‌ಗಮ್ಮಿನೊಡನೆ ಆಟಗಾರರ ಚಿತ್ರದ ಕಾರ್ಡುಗಳು ಬರುತ್ತಿದ್ದವು. ಅವುಗಳ ಮೇಲೆ ಇಂತಿಷ್ಟು ಓಟ, ಇಲ್ಲವೆ ಒಂದು ವಿಕೆಟ್ಟು ಎಂದು ಗುರುತಿರುತ್ತಿತ್ತು. ಗೊತ್ತುಪಡಿಸಿದ ಮೊತ್ತವನ್ನು ಕೂಡಿಸಿ ಕೊಟ್ಟರೆ ಒಂದು ಪುಟ್ಟ ಪುಸ್ತಿಕೆ ಸಿಗುತ್ತಿತ್ತು. ಹೆಬ್ಬೆರಳಿನಿಂದ ಅದರ ಹಾಳೆಗಳನ್ನು ಸರಸರನೆ ಬಿಟ್ಟರೆ ಆಟಗಾರನು ಚಲಿಸಿದಂತೆ ಕಾಣುವನು. ಮನೆಯಲ್ಲಿ ಟೆಲಿವಿಜನ್ ಇಲ್ಲದ ಹುಡುಗರಿಗೆ ಅದೇ ಟೆಲಿವಿಜನ್.

ಆಗ ಅವನಿಗೆ ಹತ್ತು ವರ್ಷ, ಅವನ ಅಣ್ಣನಿಗೆ ಹದಿನಾಲ್ಕು. ತಂದೆಯು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದನು; ಪಗಾರದ ದಿನ ಮಕ್ಕಳಿಬ್ಬರಿಗೂ ಸಮನಾಗಿ ಚಿಲ್ಲರೆ ಕೊಡುವನು. ಅಣ್ಣತಮ್ಮಂದಿರು ಬೇರೆ ಬೇರೆ ಡಬ್ಬಿಗಳಲ್ಲಿ ಕೂಡಿಸುತ್ತಿದ್ದರು. ಇಬ್ಬರಲ್ಲಿ ಯಾರ ಮೊತ್ತವೂ ಪುಸ್ತಿಕೆಗೆ ಸಾಲದು. ಇಬ್ಬರದನ್ನು ಕೂಡಿಸಿದರೆ ಒಂದಕ್ಕೆ ಸರಿಯಾಗಿ ಸಾಲುವುದು. ಒಂದು ರಾತ್ರಿ ಅಣ್ಣನು ತನ್ನ ಡಬ್ಬಿಯನ್ನು ತಮ್ಮನ ಹಾಸಿಗೆಯ ಮೇಲೆ ಸುರಿದು, ಒಂದು ಮಾತನ್ನೂ ಆಡದೆ ಗೋಡೆಯ ಕಡೆಗೆ ಮುಖಮಾಡಿ ಮಲಗಿಬಿಟ್ಟನು. ಪುಸ್ತಿಕೆಯು ತಮ್ಮನಿಗೆ ಬಂತು. ಅದು ಇಂದಿಗೂ ಟಿಳಕವಾಡಿಯ ಮನೆಯ ಕಪಾಟಿನಲ್ಲಿದೆ. ಹಾಳೆಗಳು ಅಂಟಿಕೊಂಡಿರುವುದರಿಂದ ಆಟಗಾರನು ಅರ್ಧಕ್ಕೇ ನಿಂತುಬಿಡುತ್ತಾನೆ.

ತಂದೆಯು ತೀರಿಕೊಂಡ ಮೇಲೆ ಹೊಲಮನೆಗಳ ಪಾಲಾಯಿತು. ಗದ್ದೆಗಳ ವಿಷಯದಲ್ಲಿ ಜಗಳವಾಗಲಿಲ್ಲ. ಹಿತ್ತಲಿನ ಹಲಸಿನ ಮರದ ವಿಷಯದಲ್ಲಿ ಆಯಿತು. ಬೇಲಿಯ ಗೆರೆಯು ಮರದ ನಡುವೆಯೇ ಹಾಯುತ್ತಿತ್ತು. ಪ್ರಕರಣವು ಕೋರ್ಟಿಗೆ ಹೋಯಿತು. ಒಂದು ಇರುಳು ತನ್ನದೆಲ್ಲವನ್ನೂ ಸುರಿದುಕೊಟ್ಟ ಅಣ್ಣನಿಗೂ, ಅದನ್ನು ಪಡೆದ ತಮ್ಮನಿಗೂ ಒಂದು ಮೊಳ ನೆಲವು ದೊಡ್ಡದಾಯಿತು. ಏಳು ವರ್ಷಗಳ ವರೆಗೆ ಮಾತಿಲ್ಲ, ಹೋಗಿಬರುವುದಿಲ್ಲ. ಬೆಳಗಾವಿಗೂ ಖಾನಾಪುರಕ್ಕೂ ಇರುವುದು ರೈಲಿನಲ್ಲಿ ಒಂದು ತಾಸಿನೊಳಗಿನ ಹಾದಿ!

2022ರ ಕೊನೆಗೆ ಕತಾರದಲ್ಲಿ ಫುಟ್‌ಬಾಲ್ ವಿಶ್ವಕಪ್ಪು ನಡೆಯಿತು. ಇಟಲಿಯ ಮೊಡೆನಾ ಪಟ್ಟಣದಲ್ಲಿ 1961ರಲ್ಲಿ ಸ್ಥಾಪಿತವಾದ ಪಾನಿನಿ ಎಂಬ ಸಂಸ್ಥೆಯು 1970ರಿಂದಲೂ ಪ್ರತಿಯೊಂದು ವಿಶ್ವಕಪ್ಪಿಗೂ ಅಂಟುಚಿತ್ರಗಳ ಆಲ್ಬಮ್ಮನ್ನು ಹೊರಡಿಸುತ್ತ ಬಂದಿದೆ. (ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡಿದವರು ಈ ಹೆಸರನ್ನು ಕೇಳಿ ಬೆಚ್ಚಬೇಕಾಗಿಲ್ಲ, ಇದು ಅದನ್ನು ಸ್ಥಾಪಿಸಿದ ಸಹೋದರರ ಮನೆತನದ ಹೆಸರು.) ಆ ಸಲದ ಆಲ್ಬಮ್ಮಿನಲ್ಲಿ 32 ತಂಡಗಳು, 670 ಚಿತ್ರಗಳು, ಪಾಕೀಟಿಗೆ ಐದು. ಗೃಹಸ್ಥನು ದೀಪಾವಳಿಯ ಹೊತ್ತಿಗೆ ಆರಂಭಿಸಿದನು. ಮೊದಮೊದಲು ಬಲಗಡೆಯ ರಾಶಿಯೇ ಬೆಳೆಯಿತು. ಬರಬರುತ್ತ ಎಡಗಡೆಯದು ಬೆಳೆಯಹತ್ತಿತು. ಜೊತೆಗಾರರ ಮಕ್ಕಳೊಡನೆ ಅದಲಾಬದಲಿ ಮಾಡಿಕೊಂಡು, ಶಿವರಾತ್ರಿಯ ವೇಳೆಗೆ 669 ಚಿತ್ರಗಳನ್ನು ಅಂಟಿಸಿದನು. ಉಳಿದುದು ಒಂದು. ಅದು ಮೆಸ್ಸಿಯದೂ ಅಲ್ಲ, ರೊನಾಲ್ಡೋನದೂ ಅಲ್ಲ. ಆಫ್ರಿಕೆಯ ಒಂದು ತಂಡದ ಗೋಲ್‌ಕೀಪರನದು.

ಆ ಒಂದಕ್ಕಾಗಿ ಮೂರು ವಾರಗಳಲ್ಲಿ ನಲವತ್ತು ಪಾಕೀಟುಗಳನ್ನು ಒಡೆದನು. ಕತ್ತರಿಯು ಮೂಲೆ ಸೇರಿತು. ಅಂಗಡಿಯ ಕಟ್ಟೆಯ ಮೇಲೆ ನಿಂತೇ ಹರಿಯತೊಡಗಿದನು. ಚಿತ್ರಗಳನ್ನು ನೋಡುವುದೂ ನಿಂತಿತು. ಕಣ್ಣು ಒಂದೇ ಮುಖವನ್ನು ಹುಡುಕುತ್ತಿತ್ತು, ಉಳಿದ ಮುಖಗಳೆಲ್ಲವೂ ಕಸವಾದವು. ಒಂದು ಶನಿವಾರ ಕಿರಾಣಿಯ ಹಣವೂ ಅದರಲ್ಲಿ ಸೇರಿತು. ಅಂದು ಹೆಂಡತಿಯು ಏನನ್ನೂ ಅನ್ನಲಿಲ್ಲ. ಖಾಲಿ ಚೀಲವನ್ನು ಗೂಟಕ್ಕೆ ತೂಗುಹಾಕಿ ಒಳಗೆ ಹೋದಳು.

ಆ ರಾತ್ರಿ ಅವನು ಹಣ ತುಂಬುವ ಚೀಟಿಯೊಂದರ ಬೆನ್ನಿನ ಮೇಲೆ ಲೆಕ್ಕ ಹಾಕಿದನು. ಎಲ್ಲ ಚಿತ್ರಗಳೂ ಸಮಸಂಖ್ಯೆಯಲ್ಲಿ ಅಚ್ಚಾಗುತ್ತವೆ ಎಂದು ಹಿಡಿದರೆ, ಬರುವ ಒಂದೊಂದು ಚಿತ್ರವೂ ತನಗೆ ಬೇಕಾದುದಾಗಿರುವ ಸಂಭವವು 670ರಲ್ಲಿ ಒಂದು. ಆದುದರಿಂದ ಸರಾಸರಿಯಾಗಿ 670 ಚಿತ್ರಗಳು, ಎಂದರೆ 134 ಪಾಕೀಟುಗಳು ಬೇಕು. ಡಬಲ್ಲುಗಳೇ ಬರದಿದ್ದರೆ ಇಡಿಯ ಆಲ್ಬಮ್ಮು ತುಂಬುವುದಕ್ಕೆ ಬೇಕಾದುದೂ ಅದೇ 134 ಪಾಕೀಟುಗಳು! ಮೊದಲಿನ ಅರ್ಧ ಆಲ್ಬಮ್ಮು ಸುಮಾರು 93 ಪಾಕೀಟುಗಳಲ್ಲಿ ತುಂಬುವುದು. ಕೊನೆಯ ಒಂದೇ ಚಿತ್ರವು ಅದಕ್ಕಿಂತ ಹೆಚ್ಚನ್ನು ನುಂಗುವುದು. ಯಾರೊಡನೆಯೂ ಬದಲಿ ಮಾಡಿಕೊಳ್ಳದೆ ಒಬ್ಬನೇ ಕುಳಿತು ಪೂರ್ತಿಗೊಳಿಸುವೆನೆಂದರೆ ಸುಮಾರು 4,750 ಚಿತ್ರಗಳು, 950 ಪಾಕೀಟುಗಳು ಬೇಕಾಗುವವು. ಹಿಂದೆ ಒಡೆದ ನಲವತ್ತು ಪಾಕೀಟುಗಳಿಂದ ಈ ಲೆಕ್ಕವು ಒಂದಂಗುಲವೂ ಮುಂದೆ ಸರಿಯುವುದಿಲ್ಲ. ನಾಳೆಯ ಪಾಕೀಟಿಗೆ ನಿನ್ನೆಯ ಪಾಕೀಟಿನ ನೆನಪಿರುವುದಿಲ್ಲ.

ವನಪರ್ವದ ನಳೋಪಾಖ್ಯಾನದಲ್ಲಿ ಇದಕ್ಕೆ ಹೊಂದುವ ಪ್ರಸಂಗವೊಂದುಂಟು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಋತುಪರ್ಣನ ಸಾರಥಿಯಾಗಿ ಹೋಗುತ್ತಿರುವಾಗ, ಋತುಪರ್ಣನು ದಾರಿಯಲ್ಲಿದ್ದ ಒಂದು ವಿಭೀತಕ ವೃಕ್ಷದ ಎಲೆಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರದಿಂದಲೇ ಹೇಳುತ್ತಾನೆ. ನಳನು ರಥವನ್ನು ನಿಲ್ಲಿಸಿ, ಎಣಿಸಿ ನೋಡಿ, ಆ ವಿದ್ಯೆಯನ್ನು ಪಡೆಯುತ್ತಾನೆ. ಒಡನೆಯೇ ಅವನೊಳಗಿದ್ದ ಕಲಿಯು ಹೊರಬಿದ್ದು ಆ ವೃಕ್ಷವನ್ನೇ ಸೇರುತ್ತಾನೆ. ವಿಭೀತಕವೆಂದರೆ ತಾರೆಯ ಮರ. ಖಾನಾಪುರದ ಕಾಡಿನಲ್ಲಿಯೂ ಬೆಳೆಯುವ ಮರವೇ. ವೇದಕಾಲದ ಜೂಜುಗಾರರು ಆಡುತ್ತಿದ್ದುದು ಅದರ ಕಾಯಿಗಳಿಂದಲೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲಿಗೆ ಒಂದು ಸೂಕ್ತವೇ ಮೀಸಲಾಗಿದೆ. ಎಣಿಸದವನನ್ನು ಕಲಿಯು ಆಳುತ್ತಾನೆ, ಎಣಿಸಿದವನನ್ನು ಬಿಟ್ಟುಹೋಗುತ್ತಾನೆಂಬುದೇ ಆ ಕಥೆಯ ತಾತ್ಪರ್ಯವೆಂದು ತೋರುತ್ತದೆ.

ಮರುದಿನದಿಂದ ಪಾಕೀಟುಗಳ ಖರೀದಿಯು ನಿಂತಿತು. ಆದರೆ ಆಲ್ಬಮ್ಮಿನಲ್ಲಿಯ ಒಂದು ಚೌಕವು ಬರಿದಾಗಿಯೇ ಇತ್ತು. ಅಂಗಡಿಯವನು ಗಿರಾಕಿಗಳ ಅನುಕೂಲಕ್ಕಾಗಿ ಒಂದು ನೋಟಬುಕ್ಕನ್ನು ಇಟ್ಟಿದ್ದನು; ಬೇಕಾದವುಗಳನ್ನೂ ಹೆಚ್ಚಾದವುಗಳನ್ನೂ ಅದರಲ್ಲಿ ಬರೆದಿಡಬಹುದಾಗಿತ್ತು. “ಸಾಹೇಬರ, ನಿಮ್ಮ ಗೋಲ್‌ಕೀಪರ ಇಲ್ಲೊಬ್ಬ ಹುಡುಗನ ಕಡೆ ಎರಡು ಅದಾನ ನೋಡ್ರಿ. ಖಾನಾಪುರದಾಂವ. ಅಡ್ಡಹೆಸರೂ ನಿಮ್ಮದಽ ಐತಿ” ಎಂದು ಅವನು ಪುಟವನ್ನು ತೋರಿಸಿದನು. ಗೃಹಸ್ಥನು ಹೆಸರನ್ನು ಎರಡು ಸಲ ಓದಿದನು. ಏಳು ವರ್ಷದ ಹಿಂದೆ ಐದು ವರ್ಷದವನಾಗಿದ್ದ ಅಣ್ಣನ ಮಗನು ಅವನು. ಗೋವೆಯ ಮಗ್ಗುಲಿನ ಊರಾದುದರಿಂದ ಆ ಕಡೆಯ ಹುಡುಗರಿಗೆ ಫುಟ್‌ಬಾಲಿನ ಹುಚ್ಚು ಇರುವುದು ಆಶ್ಚರ್ಯವಲ್ಲ.

ಎರಡು ವಾರ ಅವನು ಹೋಗಲಿಲ್ಲ. ಮೂರನೆಯ ರವಿವಾರ ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡು, ಡಬಲ್ಲುಗಳ ಕಟ್ಟನ್ನೂ, ಲೆಕ್ಕ ಹಾಕಿದ ದಿನ ಒಡೆಯದೆ ಉಳಿದಿದ್ದ ಒಂದು ಪಾಕೀಟನ್ನೂ ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದನು. ದೇಸೂರು ದಾಟಿತು, ಇದಲಹೊಂಡ ದಾಟಿತು. ಆಡಬೇಕಾದ ಮೊದಲ ಮಾತು ಇನ್ನೂ ಹೊಳೆದಿರಲಿಲ್ಲ. ಖಾನಾಪುರದಲ್ಲಿ ಇಳಿದು ಮನೆಯ ಮುಂದೆ ನಿಂತಾಗ ಅಣ್ಣನು ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದನು. ತಲೆಯೆತ್ತಿ ನೋಡಿ, “ಬಾ” ಎಂದನು. ಅಷ್ಟೇ. ವೈನಿಯು ನೀರು ತಂದುಕೊಟ್ಟಳು.

ಬಂದ ಕಾರಣವನ್ನು ಕೇಳಿದ ಹುಡುಗನು ಬಿಸ್ಕೀಟಿನ ಡಬ್ಬಿಯನ್ನು ತಂದು ನೆಲದ ಮೇಲಿಟ್ಟನು. ಗೋಲ್‌ಕೀಪರನು ಎರಡಿದ್ದುದು ನಿಜ. ಹುಡುಗನಿಗೆ ಇನ್ನೂ ಹನ್ನೊಂದು ಬೇಕಾಗಿದ್ದವು. ಕಾಕಾನ ಕಟ್ಟಿನಲ್ಲಿ ಅವುಗಳಲ್ಲಿ ಒಂಬತ್ತು ದೊರೆತವು. “ಒಂದಕ್ಕ ಒಂಬತ್ತು ಆಗಂಗಿಲ್ಲ ಕಾಕಾ. ಒಂದಕ್ಕ ಒಂದಽ” ಎಂದು ಹುಡುಗನು ಎಂಟನ್ನು ಹಿಂದಕ್ಕೆ ಸರಿಸಿದನು. ಅಡಿಕೆಯ ಮೇಲಿಂದ ಕಣ್ಣು ತೆಗೆಯದೆ ಅಣ್ಣನು, “ಇಟ್ಕೊಳಲೇ. ನಾ ಏನು ಅವಂಗ ಲೆಕ್ಕಾ ಮಾಡಿ ಕೊಟ್ಟಿದ್ದೆನ?” ಎಂದನು. ಹುಡುಗನಿಗೆ ಈ ಮಾತಿನ ಅರ್ಥವಾಗಲಿಲ್ಲ. ಅರ್ಥವಾದವನು ಕುಂದಾದ ಪೊಟ್ಟಣದ ದಾರವನ್ನು ಬಿಚ್ಚುವುದರಲ್ಲಿ ಬಹಳ ಹೊತ್ತು ತೊಡಗಿದ್ದನು.

ಉಳಿದ ಪಾಕೀಟನ್ನು ಹುಡುಗನೇ ಒಡೆದನು. ಐದೂ ಅವನಲ್ಲಿದ್ದವೇ. ಕಾಕಾನಿಗೆ ಕೆಡುಕೆನಿಸಿತು, ಹುಡುಗನಿಗೆ ಹಾಗೇನೂ ಅನಿಸಲಿಲ್ಲ. “ನಮ್ಮ ಶಾಳ್ಯಾಗ ಇವು ಬೇಕಾದಾವ್ರು ಅದಾರ” ಎಂದು ಐದನ್ನೂ ಅಂಗಿಯ ಕಿಸೆಗೆ ಹಾಕಿಕೊಂಡನು.

ಸಂಜೆ ಹೊರಡುವಾಗ ಅಣ್ಣನು ಹಿತ್ತಲಿನಿಂದ ಎರಡು ಎಳೆಯ ಹಲಸಿನ ಕಾಯಿಗಳನ್ನು ತಂದು ಚೀಲದಲ್ಲಿಟ್ಟನು. “ಮರಾ ಯಾರದಂತ ಕೋರ್ಟು ಇನ್ನೂ ಹೇಳಿಲ್ಲ. ಕಾಯಿ ಪಲ್ಯಾಕ್ಕ ಬಂದಾವ, ಒಯ್ಯಿ” ಎಂದನು. ಬೇಲಿಯ ಗೆರೆಯು ಇಂದಿಗೂ ಅಲ್ಲಿಯೇ ಇದೆ, ಪ್ರಕರಣವೂ ಮುಗಿದಿಲ್ಲ.

ಮುಚ್ಚಿದ ಪಾಕೀಟನ್ನು ಮಾರುವವನು ಆಸೆಯನ್ನು ಮಾರುತ್ತಾನೆ. ಅದು ನಿಂದ್ಯವೋ ಅನಿಂದ್ಯವೋ ಎಂಬುದನ್ನು ಕೊಳ್ಳುವವನ ಎಣಿಕೆಯು ನಿರ್ಣಯಿಸುತ್ತದೆ. ಆದರೆ ಆ ಪಾಕೀಟಿನಲ್ಲಿ ಮಾರುವವನು ಉದ್ದೇಶಿಸದ ಒಂದು ಲಾಭವೂ ಅಡಗಿದೆ. ಹೊಸ ಚಿತ್ರವು ಮನುಷ್ಯನನ್ನು ಮನೆಯಲ್ಲಿಯೇ ಕೂಡಿಸುತ್ತದೆ. ಡಬಲ್ಲು ಅವನನ್ನು ಇನ್ನೊಬ್ಬನ ಬಾಗಿಲಿಗೆ ಕಳುಹಿಸುತ್ತದೆ. ತನಗೆ ಹೆಚ್ಚಾದುದು ಮತ್ತೊಬ್ಬನಿಗೆ ಬೇಕಾಗಿದೆ, ತನಗೆ ಬೇಕಾದುದು ಮತ್ತೊಬ್ಬನಲ್ಲಿ ಹೆಚ್ಚಾಗಿದೆ ಎಂಬುದನ್ನು ತಿಳಿಯಲು 134 ಪಾಕೀಟುಗಳನ್ನು ಒಡೆಯಬೇಕಾಗಿಲ್ಲ. ಟಿಳಕವಾಡಿಯ ಆಲ್ಬಮ್ಮು ಪೂರ್ತಿಯಾಯಿತು. ಖಾನಾಪುರದ ಆಲ್ಬಮ್ಮಿನಲ್ಲಿ ಇನ್ನೂ ಎರಡು ಚೌಕಗಳು ಬರಿದಾಗಿವೆ. ಗೃಹಸ್ಥನು ಈಗ ಶನಿವಾರ ಸಂಜೆ ಅಂಗಡಿಯ ನೋಟಬುಕ್ಕಿನಲ್ಲಿ ಹುಡುಕುವುದು ಅವೆರಡನ್ನೇ.